ಹಿಂದಿನ ಮನೆಯಾಕೆ

ಕಂಡಕ್ಟರ್ ಅತ್ತಿಗುಪ್ಪೆ ಎಂದು ಕೂಗಿದರೂ ನಾನು ಇಳಿಯಲಿಲ್ಲ. ಕಿಟಕಿಯಾಚೆ ಕಂಡದ್ದು ನನಗೆ ಗೊತ್ತಿದ್ದ ಅತ್ತಿಗುಪ್ಪೆಯಾಗಿರಲಿಲ್ಲ. ರಸ್ತೆಯ ಉದ್ದಕ್ಕೂ ತಗಡಿನ ಬೇಲಿ, ಧೂಳು, ಒಂದೇ ಒಂದು ಮರವಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು, ಬಾಳೆಹಣ್ಣಿನ ಚೀಲ ಹಿಡಿದು ಹಿಂದಕ್ಕೆ ನಡೆದೆ.

ಮದುವೆಯಾದ ಹೊಸದರಲ್ಲಿ ನಾವಿಬ್ಬರು ಬಂದು ಸೇರಿದ್ದು ಅಲ್ಲಿಯ ಒಂದು ಮನೆಯ ಹಿಂಭಾಗದ ಪೋರ್ಷನ್ನಿಗೆ. ರಸ್ತೆ ಕಡೆಯ ಭಾಗದಲ್ಲಿ ಓನರ್ ಆಂಟಿ ಇದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನನ್ನ ಮಗಳು ಹುಟ್ಟಿದ್ದು, ನಡೆಯಲು ಕಲಿತದ್ದು ಎಲ್ಲಾ ಆ ಮನೆಯಲ್ಲೇ. ಆಮೇಲೆ ಯಜಮಾನರಿಗೆ ಗುಲ್ಬರ್ಗಕ್ಕೆ ವರ್ಗವಾಯಿತು. ಹೊರಡುವಾಗ ಆಂಟಿ ಗೇಟು ಹಿಡಿದು ನಿಂತು ಅತ್ತಿದ್ದರು. ಮೊದಮೊದಲು ಫೋನ್ ಮಾಡುತ್ತಿದ್ದೆ. ಈಚೆಗೆ ಅವರ ಫೋನ್ ರಿಂಗೇ ಆಗುತ್ತಿರಲಿಲ್ಲ. ಆ ಬೇಸಿಗೆ ಬಸವೇಶ್ವರನಗರದಲ್ಲಿ ನಮ್ಮ ಅಕ್ಕನ ಮಗಳ ನಿಶ್ಚಿತಾರ್ಥವಿತ್ತು, ಉಂಗುರ ತೊಡಿಸುವುದು ಸಂಜೆಗೆ. ಮಧ್ಯಾಹ್ನ ಎಲ್ಲರೂ ಉಂಡು ಮಲಗಿದಾಗ, ಒಂದು ಗಂಟೆಯಲ್ಲಿ ಬಂದುಬಿಡುತ್ತೇನೆಂದು ಅಕ್ಕನಿಗೆ ಹೇಳಿ ಹೊರಟಿದ್ದೆ.

ಮನೆಯಿದ್ದ ಕಡೆ ಮನೆಯಿರಲಿಲ್ಲ. ಹಾಲ್, ಆಂಟಿಯ ದೇವರಕೋಣೆ, ನಾವು ಮಲಗುತ್ತಿದ್ದ ರೂಮು, ಯಾವುದೂ ಇಲ್ಲ. ಉಳಿದಿದ್ದದ್ದು ತೀರಾ ಹಿಂದಿನ ಒಂದು ಗೋಡೆ. ಅದರ ಮೇಲೆ ಹಸಿರು ಆಯಿಲ್ ಪೇಂಟ್, ಒಗ್ಗರಣೆ ಹೊಗೆಯ ಕರಿ, ಮುರಿದ ಕಡಪಾ ಕಲ್ಲಿನ ಗೂಡುಗಳು. ನನ್ನ ಅಡುಗೆಮನೆ ಬೀದಿಗೆ ಮುಖ ಮಾಡಿ ನಿಂತಿತ್ತು. ಅದರೆದುರು, ಸರಿಯಾಗಿ ನನ್ನ ಸ್ಟವ್ ಇದ್ದ ಜಾಗದಲ್ಲಿ, ಒಬ್ಬ ಹುಡುಗ ಬೈಕ್ ನಿಲ್ಲಿಸಿ ಉಚ್ಚೆ ಹೊಯ್ಯುತ್ತಿದ್ದ.

"ಏಯ್!" ಎಂದು ಕಿರುಚಿದೆ. ಅಂಥ ದನಿ ನನ್ನಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ.

ಅವನು ಬೆಚ್ಚಿ ತಿರುಗಿ, "ಸಾರಿ ಆಂಟಿ. ನಿಮ್ಮನೇನಾ?" ಎಂದ.

"ಹೂಂ, ನಮ್ಮನೆ" ಎಂದೆ. ಅವನು ಬೈಕ್ ಹತ್ತಿ ಹೋದ.

ಎದುರಿನ ಇಸ್ತ್ರಿ ಗಾಡಿಯವನನ್ನು ಕೇಳಿದೆ. "ಮೆಟ್ರೋಗೆ ಜಾಗ ಹೋಯ್ತಲ್ಲಮ್ಮಾ" ಎಂದ. "ಮತ್ತೆ ಇಲ್ಲಿದ್ದ ಓನರ್ ಆಂಟಿ?" ಎಂದರೆ, "ಹಿಂದಿನ ಮನೇಲೇ ಇದಾರಲ್ಲ" ಎಂದ.

ಇವನಿಗೆ ಸರಿಯಾಗಿ ಗೊತ್ತಿಲ್ಲ ಎಂದುಕೊಂಡೆ. ಹಿತ್ತಲ ಕಾಂಪೌಂಡಿನಾಚೆಯ ಆ ಹಿಂದಿನ ಮನೆಯಾಕೆಗೂ ಆಂಟಿಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಆಂಟಿಯ ಹಿತ್ತಲಿನಲ್ಲಿ ಒಂದು ನುಗ್ಗೆ ಮರವಿತ್ತು. ಅದರ ಕಂಬಳಿಹುಳ ಕಾಂಪೌಂಡ್ ದಾಟಿ ಆಕೆ ಒಣಹಾಕಿದ ಬಟ್ಟೆಗೆ ಹತ್ತುತ್ತಿದ್ದವು. ಒಂದು ದಿನ ಆಂಟಿ ಊರಲ್ಲಿಲ್ಲದಾಗ ಆಕೆ ಆಳು ಕರೆಸಿ ಅರ್ಧ ಮರ ಕಡಿಸಿಬಿಟ್ಟರು. ಅಲ್ಲಿಂದ ಶುರುವಾದ ಬೈಗುಳ ನಾವು ಮನೆ ಬಿಡುವವರೆಗೂ ನಿಂತಿರಲಿಲ್ಲ. "ಆ ಮನೆ ಕಡೆ ನೋಡ್ಬೇಡ" ಎಂದು ಆಂಟಿ ನನಗೂ ಹೇಳಿದ್ದರು. ಎದುರಿಗೆ ಸಿಕ್ಕರೆ ನಾನೂ ತಲೆ ತಗ್ಗಿಸಿಕೊಂಡೇ ಹೋಗುತ್ತಿದ್ದೆ.

ಹಿಂದಿನ ಕ್ರಾಸಿಗೆ ಹೋದೆ. ಬಾಗಿಲು ತೆರೆದೇ ಇತ್ತು. ನಡುಮನೆಯ ನೆಲದ ಮೇಲೆ ಆಂಟಿ ಬೆಳ್ಳಗಾದ ಕೂದಲು ಬಿಚ್ಚಿ ಹರಡಿಕೊಂಡು ಕೂತಿದ್ದರು. ಬೆನ್ನ ಹಿಂದೆ ಮಣೆ ಹಾಕಿಕೊಂಡು ಅವರ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದವರು ಅದೇ ಹಿಂದಿನ ಮನೆಯಾಕೆ.

ಹೊಸ್ತಿಲಾಚೆಯೇ ನಿಂತೆ.

"ಯಾರದು?" ಎಂದು ಆಂಟಿ ಕಣ್ಣು ಕಿರಿದು ಮಾಡಿ ನೋಡಿದರು. "ಅಯ್ಯೋ! ನಾನು ಬೇಡ ಅಂದ್ರೂ ಅಡುಗೆಮನೆಗೆ ಹಸಿರು ಬಳಿದೋಳಲ್ವೇನೇ ನೀನು?"

ಒಳಗೆ ಹೋಗಿ ಕೂತೆ. ಮಗಳು ಯಾವ ಕ್ಲಾಸು, ಯಜಮಾನರಿಗೆ ಬಿಪಿ ಇದೆಯಾ, ಎಲ್ಲಾ ವಿಚಾರಿಸಿದ ಮೇಲೆ ಆಂಟಿ ತಟ್ಟನೆ ದನಿ ತಗ್ಗಿಸಿ ಕೇಳಿದರು. "ಆ ರೋಡಿಂದಾನೇ ಬಂದ್ಯಾ? ಏನಾದ್ರೂ ಉಳ್ದಿದೆಯೇನೇ?"

ಅವರ ಬೆನ್ನ ಹಿಂದಿನಿಂದ ಆ ಇನ್ನೊಬ್ಬಾಕೆ ನನ್ನನ್ನೇ ನೋಡುತ್ತ, ಇಲ್ಲ ಅನ್ನು ಎಂಬಂತೆ ತಲೆಯಾಡಿಸಿದರು.

"ಇಲ್ಲ ಆಂಟಿ. ಎಲ್ಲಾ ಹೋಗಿದೆ."

"ಒಳ್ಳೇದಾಯ್ತು ಬಿಡು" ಎಂದರು ಆಂಟಿ. "ಅರ್ಧಂಬರ್ಧ ಉಳೀಬಾರ್ದು."

ನನಗೆ ತಡೆಯಲಾಗಲಿಲ್ಲ. "ನೀವಿಬ್ರೂ ಹೇಗೆ..." ಎಂದು ಕೇಳಿಯೇಬಿಟ್ಟೆ.

ಆಂಟಿ ಹೇಳಿದರು. "ಒಡೆಯೋಕೆ ಬಂದ್ರಲ್ಲ, ಅವತ್ತು ನಾನು ಹಾಲಲ್ಲಿ ಕೂತ್ಬಿಟ್ಟೆ ಕಣೇ. ಸಾಮಾನೆಲ್ಲಾ ಸಾಗಿಸಿ ಆಗಿತ್ತು. ಕೆಂಗೇರಿಯಿಂದ ತಂಗಿ ಬಂದಿದ್ಲು. ಏಳು ಅಂತ ಎಲ್ರೂ ಹೇಳಿದ್ರು. ಕಾಲೇ ಬರ್ಲಿಲ್ಲ. ಹೊರಗಡೆ ಜೆಸಿಬಿ ಗುರ್ ಅಂತಿದೆ. ಆಗ ಇವಳು ಬಂದ್ಲು ನೋಡು. ಜನ್ಮದಲ್ಲಿ ನನ್ನ ಗೇಟು ದಾಟ್ದೋಳಲ್ಲ. ಬಂದು, 'ಏಳ್ರೀ, ಅನ್ನ ಆರೋಗ್ತಿದೆ' ಅಂದ್ಲು. ಅಷ್ಟೇ."

"ಎದ್ದುಬಿಟ್ರಾ?"

"ಎದ್ದೆ. ಯಾಕೆ ಎದ್ನೋ ಇವತ್ತಿಗೂ ಗೊತ್ತಿಲ್ಲ. ಇಲ್ಲಿ ಬಂದು ಉಂಡೆ. ಉಣ್ತಿರೋವಾಗ್ಲೇ ಆ ಸದ್ದು ಕೇಳಿಸ್ತು. ತಾರಸಿ ಕಳಚಿ ಬಿದ್ದು ನುಗ್ಗೆ ಮರಾನೂ ಮುರೀತು. ನಾನು ಅಳ್ಲಿಲ್ಲ, ಇವಳು ಅತ್ಳು."

"ಅಳ್ದೆ ಇನ್ನೇನು ಮಾಡ್ಲಿ?" ಎಂದರು ಆಕೆ, ಬಾಚಣಿಗೆ ಆಡಿಸುತ್ತಲೇ. "ಅಷ್ಟು ವರ್ಷ ಬೈದಿದೀನಿ ಆ ಮರಾನ."

ಆಮೇಲೆ ಆಂಟಿ ಕೆಂಗೇರಿಗೆ ಹೋದರಂತೆ. ತಂಗಿಯ ಮನೆಯಲ್ಲಿ ಎಲ್ಲರೂ ಒಳ್ಳೆಯವರೇ. ಆದರೂ ಒಂದು ಮಧ್ಯಾಹ್ನ ಬ್ಯಾಗ್ ಹಿಡಿದು ಈ ಬಾಗಿಲಿಗೆ ಬಂದು ನಿಂತರಂತೆ. ಈಕೆ ಏನೂ ಕೇಳದೆ ಬ್ಯಾಗ್ ಒಳಗಿಟ್ಟರಂತೆ.

"ಹಾಗಾದ್ರೆ ರಾಜಿಯಾಯ್ತು" ಎಂದೆ.

ಇಬ್ಬರೂ ಒಟ್ಟಿಗೆ ನನ್ನನ್ನು ದುರುಗುಟ್ಟಿ ನೋಡಿದರು. "ಎಲ್ಲಿ ರಾಜಿ?" ಎಂದರು ಆಂಟಿ. "ನನ್ನ ಮರ ಕಡ್ಸಿದ್ದು ತಪ್ಪು ಅಂತ ಒಂದ್ಸಲ ಹೇಳ್ಲಿ ನೋಡೋಣ." "ಸತ್ರೂ ಹೇಳಲ್ಲ" ಎಂದು ಆಕೆ ಜಡೆಯನ್ನು ಎಳೆದು ಗಂಟು ಹಾಕಿದರು.

ಹೊರಟಾಗ ಗೇಟಿನವರೆಗೆ ಬಂದವರು ಹಿಂದಿನ ಮನೆಯಾಕೆಯೇ. "ಆ ಗೋಡೆ ವಿಷಯ ಅವರಿಗೆ ಗೊತ್ತಿಲ್ಲ" ಎಂದು ಪಿಸುಗುಟ್ಟಿದರು. "ಆ ಕಡೆ ಕಿಟಕಿ ನಾನು ತೆಗೆಯಲ್ಲ. ಹಿತ್ತಲಿಗೂ ಬಿಡಲ್ಲ, ಬಟ್ಟೆ ನಾನೇ ಒಣಹಾಕ್ತೀನಿ. ಅದೂ ಬಿದ್ದೋದ್ರೆ ಸಾಕು ಅಂತ ಕಾಯ್ತಿದೀನಿ."

ಅಷ್ಟರಲ್ಲಿ ಒಳಗಿನಿಂದ ಆಂಟಿಯ ಕೂಗು. "ರೀ, ಹಾಲು ಉಕ್ತಿದೆ!"

"ಆಫ್ ಮಾಡೋಕೆ ಕೈಯಿಲ್ವಾ ನಿಮ್ಗೆ?" ಎಂದು ಬೈಯುತ್ತಲೇ ಅವರು ಸೆರಗು ಸಿಕ್ಕಿಸಿಕೊಂಡು ಒಳಗೆ ಓಡಿದರು.

ನಿಶ್ಚಿತಾರ್ಥದ ಮನೆ ತಲುಪುವಷ್ಟರಲ್ಲಿ ಉಂಗುರ ತೊಡಿಸಿ ಆಗಿತ್ತು. "ಎಲ್ಲೋಗಿದ್ಯೇ? ಫೋಟೋದಲ್ಲೂ ಇಲ್ಲ ನೀನು" ಎಂದು ಅಕ್ಕ ಸಿಟ್ಟಾದಳು. ಅವಳ ಕೈಯಲ್ಲಿದ್ದ ತಾಂಬೂಲದ ತಟ್ಟೆ ತೆಗೆದುಕೊಂಡು ಹೆಂಗಸರ ಸಾಲಿನ ಕಡೆ ಹೋದೆ.