ಅಮಾವಾಸ್ಯೆಗೆ ಕೈಕೊಟ್ಟ ಕರ್ನಲ್

ಬಸವನ ಬಾಗೇವಾಡಿಯಲ್ಲಿ ನಮ್ಮ ಸೋದರತ್ತೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಾಳೆ. ಅಲ್ಲಿಯ ಸರ್ವರ್ ಸದ್ದಿನಲ್ಲಿ ಹಿಟ್ಟಿನ ಗಿರಣಿ, ವೇಗದಲ್ಲಿ ಎಮ್ಮೆ. ದೂರದ ಇಂಡಿ ಊರಿನ ನಮ್ಮ ಮನೆಯಲ್ಲಿ ಕೂತು ನೆಟ್‌ವರ್ಕ್ ಮೂಲಕ ಅದನ್ನು ಆಳುತ್ತಿದ್ದವನು ನಾನು. ಅತ್ತೆಗೆ ಸ್ವಿಚ್ ಹಾಕುವುದಷ್ಟೇ ಬರುತ್ತದೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಕರ್ನಲ್ ಎಂದರೆ ಯಂತ್ರ ಎದ್ದೊಡನೆ ಯಜಮಾನಿಕೆ ವಹಿಸುವ ಮೂಲ ತಂತ್ರಾಂಶ. ಒಂದು ಮುಂಜಾನೆ ಹಳೆಯದರ ಪಕ್ಕ ಹೊಸದೊಂದನ್ನು ಹಾಕಿದ್ದೆ. ಅಂದು ಹನ್ನೊಂದಕ್ಕೆ ಆ ಸರ್ವರ್ ಮೇಲೇ ಅತ್ತೆಯ ವಿದ್ಯಾರ್ಥಿಗಳಿಗೆ ಪರೀಕ್ಷೆ. ನೋಡಲು ಪಾಲಕರೂ ಬರುವವರಿದ್ದರು. ಹಾಗಾಗಿ, ಮುಂದಿನ ಒಂದು ಸಲ ಮಾತ್ರ ಹೊಸದರಿಂದ ಏಳು, ಆಮೇಲೆ ಹಳೆಯದಕ್ಕೇ ಮರಳು ಎಂದು ಅಪ್ಪಣೆ ಕೊಟ್ಟೆ. ಹೊಸದು ಕೈಕೊಟ್ಟರೆ ಅತ್ತೆ ಸ್ವಿಚ್ ಆರಿಸಿ ಹಾಕಿದರಾಯಿತು. ರೀಸ್ಟಾರ್ಟ್ ಮಾಡುವ ಮೊದಲು ಮಂಡಕ್ಕಿಯ ಸುಸಲಾ ತಿನ್ನಲು ಎದ್ದೆ. ಮೂರು ತಟ್ಟೆ ತಿಂದೆ.

ಬಂದು ರೀಸ್ಟಾರ್ಟ್ ಕೊಟ್ಟರೆ ಎದ್ದದ್ದು ಹಳೆಯ ಕರ್ನಲ್! ಆ 'ಒಂದು ಸಲ'ದ ಸೌಲಭ್ಯ ಬರೆದ ಪರದೇಶದ ಪಂಡಿತರನ್ನೆಲ್ಲ ಹೆಸರು ಗೊತ್ತಿಲ್ಲದೆಯೇ ಬೈದೆ. 'ಒಂದು ಸಲ' ಎಂಬುದು ಹೇಡಿಗಳ ಕೆಲಸ ಎಂದು ಹೊಸದನ್ನೇ ಕಾಯಂ ಮಾಡಿ ಮತ್ತೆ ರೀಸ್ಟಾರ್ಟ್ ಹೊಡೆದೆ. ಸರ್ವರ್ ಹೋಯಿತು, ಬರಲೇ ಇಲ್ಲ.

"ಅತ್ತಿ, ಸ್ವಿಚ್ ಆರಿಸಿ ಹಾಕು," ಎಂದು ಫೋನ್ ಮಾಡಿದೆ.

"ನಾಕ್ ಸಲ ಹಾಕೀನಿ, ನೆಟ್‌ವರ್ಕ್ ಬರವಲ್ದು. ಮುಂಜಾನೇನೂ ಹಿಂಗ ಆಗಿತ್ತು, ಎರಡನೇ ಸಲಕ್ಕ ಸರಿ ಆತು."

"ಮುಂಜಾನಿ ಯಾಕ ಆರಿಸಿದ್ದಿ?"

"ಇವತ್ತ ಅಮಾಸಿ ಅಲ್ಲೇನೋ? ಚಾಲೂ ಇದ್ದ ಮಷಿನ್ನಿಗೆ ಯಾರರ ಪೂಜಿ ಮಾಡತಾರೇನು?"

ನನ್ನ 'ಒಂದು ಸಲ', ನಾನು ಸುಸಲಾ ತಿನ್ನುವಾಗಲೇ ಅತ್ತೆಯ ಕಾಯಿಯ ಜೊತೆ ಒಡೆದುಹೋಗಿತ್ತು. ಪೂಜೆ ಮುಗಿಸಿ ಅವಳು ಸ್ವಿಚ್ ಹಾಕಿದಾಗ ಹೊಸ ಕರ್ನಲ್ ಎದ್ದು, ನೆಟ್‌ವರ್ಕ್ ಕಾರ್ಡಿನ ಗುರುತು ಸಿಗದೆ ಕಣ್ಣು ಬಿಟ್ಟಿತ್ತು. ಅತ್ತೆ ಮತ್ತೊಮ್ಮೆ ಆರಿಸಿ ಹಾಕಿದಾಗ ಹಳೆಯದು ಬಂದಿತ್ತು. ಪಂಡಿತರದೆಲ್ಲ ಸರಿಯೇ ಇತ್ತು. ಕೆಟ್ಟದ್ದನ್ನು ಹುಡುಕಿ ಕಾಯಂ ಮಾಡಿದ ಮಹಾಮೂರ್ಖ ನಾನು.

ಹತ್ತೂಮುಕ್ಕಾಲಾಗಿತ್ತು. ನಾನು ಬಸ್ ಹಿಡಿದು ಬಾಗೇವಾಡಿ ಮುಟ್ಟುವಷ್ಟರಲ್ಲಿ ಆ ವಿದ್ಯಾರ್ಥಿಗಳಿಗೆ ಮೊಮ್ಮಕ್ಕಳಾಗಿರುತ್ತಿದ್ದರು.

"ಅತ್ತಿ, ಆರಿಸಿ ಹಾಕು, ಕರ್ನಲ್ಲಿನ ಪಟ್ಟಿ ಬರತೈತಿ. ಬಾಣದ ಗುಂಡಿ ಒತ್ತಿ..."

"ಸಣ್ಣ ನಂಬರಿನ ಹಳೇದರ ಮ್ಯಾಲ ನಿಂತು ಎಂಟರ್ ಹೊಡೀಲ್ಯಾ? ನೀ ಲಂಗೋಟಿ ಹಾಕ್ಕೊಳ್ಳೂ ಮೊದಲ ನಾ ಮಷಿನ್ ಹಿಡದಾಕಿ, ಫೋನ್ ಇಡು."

ಹನ್ನೊಂದಕ್ಕೆ ಸರಿಯಾಗಿ ಪರೀಕ್ಷೆ ಶುರುವಾಯಿತು. ಸಂಜೆ ಅವಳೇ ಫೋನ್ ಮಾಡಿದಳು.

"ಆ ಕಾಯಂ ತಗದು ಹಳೇದು ಇಡು. ಇಲ್ಲಂದ್ರ ಮುಂದಿನ ಅಮಾಸಿಗೆ ನಿನ್ನ ತಲಿ ಮ್ಯಾಲ ಕಾಯಿ ಒಡೀತೇನಿ."

ತೆಗೆದೆ. ಆಮೇಲೆ ಪಂಚಾಂಗ ನೋಡಿಯೇ ರೀಸ್ಟಾರ್ಟ್ ಮಾಡುತ್ತೇನೆ.