ಬ್ರೇಕಿಗೆ ಮಗ್ಗದ ಎಣ್ಣಿ

ಗೆಳೆಯರ, ನನ್ನ ಕಾರಿನ ಬ್ರೇಕ್ ಕಿರ್ ಅಂತಿತ್ತು. ಬೆಟಗೇರಿಯೊಳಗ ಮೂವತ್ತು ವರ್ಷ ಮಗ್ಗ ನಡಿಸಿದ ಕೈ ನಂದು, ಕಿರ್ ಅನ್ನೂದಕ್ಕೆಲ್ಲಾ ಎಣ್ಣೀನ ಔಷಧ ಅಂತ ತಿಳದಾಂವ. ಇವತ್ತು ಮುಂಜಾನಿ ಮನಿ ಮುಂದ ಗಾಲಿ ಬಿಚ್ಚಿ ಬ್ರೇಕಿನ ಡಿಸ್ಕಿಗೆ ಮಗ್ಗದ ಎಣ್ಣಿ ಸವರಿದ್ನಿ. ಆಮ್ಯಾಲೆ ಗಾಲಿ ಜೋಡಿಸಿ ಕಾರು ಚಾಲೂ ಮಾಡಿದ್ನಿ. ಸಪ್ಪಳ ಖರೇನ ನಿಂತಿತು. ಕಾರು ನಿಲ್ಲಲಿಲ್ಲ. ಅವ್ವ ದಿನಾ ಕುಂಡ್ರೂ ಕಟ್ಟಿಗೆ ಹೋಗಿ ಗುದ್ದಿತು. ಅವ್ವ ಆಗಷ್ಟ ಚಾ ಕುಡ್ಯಾಕ ಒಳಗ ಹೋಗಿದ್ಲು.

ನಮ್ಮ ಓಣಿ ಮೆಕ್ಯಾನಿಕ್ ದಾದಾಪೀರ ಬಂದು, ಡಿಸ್ಕ್ ಮುಟ್ಟಿ ಬೆರಳು ಮೂಸಿದ. "ಅಣ್ಣಾರ, ಮಗ್ಗಕ್ಕ ಎಣ್ಣಿ ಹಾಕೂದು ಅದು ಓಡ್ಲಿ ಅಂತ. ಇದು ನಿಲ್ಲಬೇಕಲ್ರಿ?"

ನಾ ಮೊದಲ ಫೋನ್ ಹುಡುಕಿದ್ನಿ.

ಮುಂಜಾನಿ 'ಬ್ರೇಕ್ ಸಪ್ಪಳಕ್ಕ ಮನಿಮದ್ದು' ಅಂತ ವಿಡಿಯೋ ಹಾಕಿದ್ನಲ್ಲಾ, ಅದನ್ನ ತಗದ ಹಾಕೇನಿ. "ಭಾರಿ ಐಡಿಯಾ ಕಾಕಾ" ಅಂದವರೊಳಗ ಯಾರರ ಎಣ್ಣಿ ಹಚ್ಚಿದ್ರ ಕಾರು ಚಾಲೂ ಮಾಡಬ್ಯಾಡ್ರಿ. ಮೊದಲ ನಿಮ್ಮವ್ವನ್ನ ಕಟ್ಟಿ ಮ್ಯಾಲಿಂದ ಎಬ್ಬಸ್ರಿ.