ಸರದಿ ಬಿಟ್ಟು ಬಂದವರು

"ನಿನ್ನ ದೇಶಕ್ಕೆ ವಾಪಸ್ ಹೋಗು!" ಎಂದು ಕೂಗಿ ಪಿಕಪ್ ಟ್ರಕ್ಕಿನವನು ಹೊರಟುಹೋದ. ಅಟ್ಲಾಂಟಾ ಹೊರವಲಯದ ಗ್ರಂಥಾಲಯವೊಂದರ ಮುಂದೆ ನಾನು ಮತದಾನಕ್ಕೆ ಸರದಿಯಲ್ಲಿ ನಿಂತಿದ್ದೆ. ಭಾರತೀಯ ತಾಯಿಯ ಕಪ್ಪುವರ್ಣೀಯ ಮಗಳೊಬ್ಬರು ಅಮೆರಿಕದ ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಿದ್ದ 2024ರ ಚುನಾವಣೆ ಅದು. ಇಲ್ಲಿನ ಪೌರತ್ವ ಸಿಕ್ಕ ಮೇಲೆ ನನ್ನ ಮೊದಲ ಮತ. ಸಾಲಿನಲ್ಲಿ ಚೂಡಿದಾರ್ ತೊಟ್ಟವಳು ನಾನೊಬ್ಬಳೇ ಆದ್ದರಿಂದ ಅವನು ಕೂಗಿದ್ದು ಯಾರಿಗೆಂದು ಎಲ್ಲರಿಗೂ ಗೊತ್ತಾಯಿತು. ಸುತ್ತಲಿನವರು ತಲೆತಗ್ಗಿಸಿ ಫೋನ್ ನೋಡತೊಡಗಿದರು. ನಾನು ಸರದಿ ಬಿಟ್ಟು ಕಾರಿನತ್ತ ನಡೆದುಬಿಟ್ಟೆ.

ಕಾರಿನ ಬಾಗಿಲು ತೆಗೆಯುವಾಗ ಯಾರೋ ತೋಳು ಹಿಡಿದರು. ತಿರುಗಿದರೆ, ಎಪ್ಪತ್ತು ದಾಟಿದ ಕಪ್ಪುವರ್ಣೀಯ ಮಹಿಳೆ. ಸಾಲಿನಲ್ಲಿ ಬಹಳ ಮುಂದಿದ್ದವರು, ಇನ್ನೇನು ಒಳಗೆ ಹೋಗಬೇಕಿದ್ದವರು, ಏದುಸಿರು ಬಿಡುತ್ತಾ ನಿಂತಿದ್ದರು.

"ನಾನು ಚಿಕ್ಕವಳಿದ್ದಾಗ, ಕಪ್ಪುಜನ ಮತ ಹಾಕೋಕೆ ಅಡ್ಡಿ ಮಾಡ್ತಿದ್ದ ಕಾಲದಲ್ಲಿ, ನಮ್ಮಮ್ಮ ವೋಟಿಗೆ ಹೆಸರು ಬರೆಸೋಕೆ ಹೋದಾಗ ನಮಗೂ ಹೀಗೇ ಕೂಗಿದ್ರು ಮಗಳೇ," ಎಂದರು ಇಂಗ್ಲಿಷಿನಲ್ಲಿ. "ನಾನು ಹುಟ್ಟಿದ್ದು ಇಲ್ಲೇ, ಮೂರು ರಸ್ತೆ ಆಚೆ."

"ನನಗೆ ಭಯ ಆಗ್ತಿದೆ," ಎಂದೆ.

"ನನಗೂ ಆಗಿತ್ತು. ಅಮ್ಮನ ಕೈ ಹಿಡ್ಕೊಂಡು ಹೋದೆ. ಬಾ."

ಇಬ್ಬರೂ ಸಾಲಿನ ಕೊನೆಗೆ ಹೋಗಿ ನಿಂತೆವು. ಮುಂದಿದ್ದವರು ಅವರನ್ನು ಮೊದಲಿನ ಜಾಗಕ್ಕೆ ಕರೆದರೂ ಅವರು ಹೋಗಲಿಲ್ಲ. ಒಂದೂವರೆ ಗಂಟೆಯ ನಂತರ ಇಬ್ಬರೂ ಮತ ಹಾಕಿದೆವು. ಯಾರಿಗೆಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹಿಂದೊಮ್ಮೆ ಆಫೀಸಿನಲ್ಲಿ ಕಪ್ಪುವರ್ಣೀಯ ಸಹೋದ್ಯೋಗಿಯೊಬ್ಬರನ್ನು ಕೆಲವರು ಹೀಯಾಳಿಸಿದಾಗ, ನನಗೇಕೆ ಎಂದು ತಲೆತಗ್ಗಿಸಿ ಕುಳಿತಿದ್ದೆ. ಮತ ಹಾಕಿ ಮನೆಗೆ ಬರುವ ದಾರಿಯುದ್ದಕ್ಕೂ ಆ ಸಹೋದ್ಯೋಗಿಯ ಮುಖವೇ ನನ್ನ ಕಣ್ಣೆದುರಿಗಿತ್ತು.